ಬಾಲಿಗೆ ಎಂಟು ದಿನ, ಅಮ್ಮ ಸಸ್ಯಾಹಾರಿ. ಅಲ್ಲಿಯ ಊಟವನ್ನೇ ಮಾಡಬೇಕು ಅಂತ ಆಸೆ, ಆಗುತ್ತಾ?

ರಜಾಚೀಟಿ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ನಾಲ್ಕು ಜನ ಬಾಲಿಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, ಹತ್ತು ವರ್ಷದ ಮಗ, ಜೊತೆಗೆ ಅಮ್ಮ. ಉಬುದ್‌ನಲ್ಲಿ ನಾಲ್ಕು ದಿನ, ಸಾನೂರ್‌ನಲ್ಲಿ ನಾಲ್ಕು ದಿನ. ಟಿಕೆಟ್ಟು, ರೂಮು ಎಲ್ಲ ಆಯಿತು. ತಲೆನೋವು ಉಳಿದಿರುವುದು ಊಟದ್ದು.

ಹೋದ ಸಲ ಬೇರೆ ಒಂದು ದೇಶಕ್ಕೆ ಪ್ಯಾಕೇಜ್ ಟೂರಿನಲ್ಲಿ ಹೋಗಿದ್ದೆವು. ಐದು ದಿನವೂ ಬಸ್ಸು ಅದೇ ಇಂಡಿಯನ್ ಹೋಟೆಲ್ ಮುಂದೆ ನಿಲ್ಲುತ್ತಿತ್ತು. ಅದೇ ಪನೀರು, ಅದೇ ದಾಲು, ಅದೇ ತಣ್ಣಗಿನ ಜಾಮೂನು. ವಾಪಸ್ ಬಂದ ಮೇಲೆ ಆಫೀಸಿನಲ್ಲಿ ಒಬ್ಬರು ಅಲ್ಲಿಯ ಊಟ ಹೇಗಿತ್ತು ಅಂತ ಕೇಳಿದರು. ನನ್ನ ಹತ್ತಿರ ಉತ್ತರವೇ ಇರಲಿಲ್ಲ.

ನಾನು ಮತ್ತು ಮಗ ಏನು ಕೊಟ್ಟರೂ ತಿನ್ನುತ್ತೇವೆ, ಹಂದಿ ಮತ್ತು ದನ ಮಾತ್ರ ಬೇಡ. ಹೆಂಡತಿ ಮೊಟ್ಟೆ ತನಕ ಓಕೆ. ಅಮ್ಮ ಪೂರ್ತಿ ಸಸ್ಯಾಹಾರಿ. ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತಾರೆ, ಆದರೆ ಮೀನಿನ ವಾಸನೆ ಮೂಗಿಗೆ ಬಡಿದರೆ ತಟ್ಟೆಯನ್ನೇ ಪಕ್ಕಕ್ಕೆ ಸರಿಸುತ್ತಾರೆ. ಮಜಾ ಏನೆಂದರೆ ಹೊಸ ರುಚಿ ನೋಡುವ ಆಸೆ ನಮ್ಮೆಲ್ಲರಿಗಿಂತ ಅವರಿಗೇ ಜಾಸ್ತಿ. "ಅಷ್ಟು ದೂರ ಹೋಗಿ ಮತ್ತೆ ಚಪಾತಿ ತಿನ್ನಿಸಬೇಡ ಕಣೋ" ಅಂತ ಈಗಲೇ ಹೇಳಿಬಿಟ್ಟಿದ್ದಾರೆ.

ಅಮ್ಮನಿಗೆ ಅಲ್ಲಿಯ ಜನ ತಿನ್ನುವ ಊಟದಲ್ಲಿ ಏನೇನು ಸಿಗುತ್ತದೆ? ಹೇಗೆ ಕೇಳಬೇಕು? ಹೊಟ್ಟೆ ಕೆಡದ ಹಾಗೆ ಏನು ಮಾಡಬೇಕು? ಹೋಗಿ ಬಂದವರು ದಯವಿಟ್ಟು ಬರೆಯಿರಿ.

ವಾರುಂಗ್ ಗಿರಾಕಿ:

ಮೂರು ಸಲ ಹೋಗಿದ್ದೇನೆ, ಒಂದು ಸಲ ಒಂದೂವರೆ ತಿಂಗಳು ಅಲ್ಲೇ ಕೂತು ಕೆಲಸ ಮಾಡಿದ್ದೆ. ನಾನೂ ಸಸ್ಯಾಹಾರಿ, ಹಾಗಾಗಿ ಅಮ್ಮನ ಕಡೆಯಿಂದ ನಾನು ಬರೆಯುತ್ತೇನೆ, ಉಳಿದವರ ಊಟಕ್ಕೆ ಬೇರೆಯವರು ಬರುತ್ತಾರೆ.

ಮೊದಲು ಒಂದು ಪದ ಬಾಯಿಪಾಠ ಮಾಡಿ: ತೆರಾಸಿ. ಸಿಗಡಿಯನ್ನು ಹುದುಗಿಸಿ ಮಾಡುವ ಕಂದು ಬಣ್ಣದ ಮುದ್ದೆ ಅದು. ಕೋಳಿ ಹಂದಿ ಆದರೆ ಕಣ್ಣಿಗೆ ಕಾಣುತ್ತದೆ, ಬೇಡ ಅನ್ನಬಹುದು. ತೆರಾಸಿ ಕಾಣುವುದಿಲ್ಲ. ಚಟ್ನಿಯಲ್ಲಿ, ಅಂದರೆ ಅವರ ಸಾಂಬಾಲ್‌ನಲ್ಲಿ, ಪಲ್ಯದ ಮಸಾಲೆಯಲ್ಲಿ, ಎಲ್ಲದರಲ್ಲೂ ಒಂದು ಚಿಟಿಕೆ ಸೇರಿರುತ್ತದೆ. ನೀವು ವೆಜಿಟೇರಿಯನ್ ಅಂದರೆ ಅವರು ಖುಷಿಯಿಂದ ತಲೆಯಾಡಿಸಿ ಮಾಂಸ ಬಿಟ್ಟು ಉಳಿದದ್ದೆಲ್ಲ ಬಡಿಸುತ್ತಾರೆ, ಜೊತೆಗೆ ತೆರಾಸಿ ಹಾಕಿದ ಸಾಂಬಾಲ್ ಕೂಡ. ಮೋಸ ಮಾಡುತ್ತಿದ್ದಾರೆ ಅಂತಲ್ಲ. ಒಗ್ಗರಣೆಗೆ ಹಾಕಿದ ಇಂಗನ್ನು ನಾವು ಯಾರಿಗಾದರೂ ಹೇಳಿ ಬಡಿಸುತ್ತೇವಾ? ಹಾಗೇ ಇದು. ಅದಕ್ಕೇ ಹೆಸರು ಹಿಡಿದೇ ಹೇಳಬೇಕು: "ತಿದಾಕ್ ಪಾಕೈ ತೆರಾಸಿ". ತೆರಾಸಿ ಹಾಕಬೇಡಿ ಅಂತ. ಜೊತೆಗೆ ದಾಗಿಂಗ್ ಅಂದರೆ ಮಾಂಸ, ಇಕಾನ್ ಅಂದರೆ ಮೀನು, ಉದಾಂಗ್ ಸಿಗಡಿ, ತೆಲುರ್ ಮೊಟ್ಟೆ. ಇಷ್ಟು ಒಂದು ಚೀಟಿಯಲ್ಲಿ ಬರೆದುಕೊಂಡು ತೋರಿಸಿದರೂ ಆಗುತ್ತದೆ.

ಇನ್ನು ಅಮ್ಮನಿಗೆ ನನ್ನ ಮೊದಲ ಆಯ್ಕೆ ತಿಪಾತ್ ಚಾಂತೊಕ್. ತೆಂಗಿನ ಎಳೆ ಗರಿಯಲ್ಲಿ ಹೆಣೆದ ಪುಟ್ಟ ಬುಟ್ಟಿಯೊಳಗೆ ಅಕ್ಕಿ ತುಂಬಿ ಬೇಯಿಸಿ, ಆ ಗಟ್ಟಿ ಅನ್ನವನ್ನು ತುಂಡು ಮಾಡಿ, ಬೇಯಿಸಿದ ಸೊಪ್ಪು, ಮೊಳಕೆ ಕಾಳು, ತೋಫು ಹಾಕಿ ಕಡಲೆಕಾಯಿ ಚಟ್ನಿಯಲ್ಲಿ ಕಲಸಿ ಕೊಡುತ್ತಾರೆ. ಇದರಲ್ಲಿ ನಮಗೆ ಅನುಕೂಲ ಏನೆಂದರೆ, ಗಿರಾಕಿ ಬಂದ ಮೇಲೆ ಅವರ ಕಣ್ಣೆದುರೇ ಅಗಲವಾದ ಕಲ್ಲಿನ ಮೇಲೆ ಕಡಲೆಕಾಯಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಬೆಲ್ಲ ಅರೆಯುತ್ತಾರೆ. ತೆರಾಸಿ ಬೇಡ ಅಂದರೆ ಬೇಡ. ಖಾರಕ್ಕೂ ಅಷ್ಟೇ, ಒಂದೇ ಮೆಣಸಿನಕಾಯಿ ಸಾಕು ಅಂತ ಬೆರಳು ತೋರಿಸಿದರೆ ಒಂದೇ ಹಾಕುತ್ತಾರೆ. ಮೊದಲೇ ಮಾಡಿಟ್ಟ ಅಡುಗೆಯಲ್ಲಿ ಈ ಅವಕಾಶ ಇಲ್ಲವಲ್ಲ. ನಾನು ಇದನ್ನು ಎಷ್ಟು ಸಲ ತಿಂದಿದ್ದೇನೋ ಲೆಕ್ಕ ಇಲ್ಲ. ಗಾದೊ ಗಾದೊ ಕೂಡ ಇದೇ ಜಾತಿ, ಆದರೆ ಮೇಲೆ ಹಾಕುವ ಹಪ್ಪಳ ಸಾಮಾನ್ಯವಾಗಿ ಸಿಗಡಿಯದು, ಮೊಟ್ಟೆಯೂ ಇರುತ್ತದೆ. ಎರಡೂ ಬೇಡ ಅನ್ನಿ.

ದೊಡ್ಡ ಊಟ ಅಂದರೆ ನಾಸಿ ಚಂಪುರ್. ಅನ್ನದ ಸುತ್ತ ನಾಲ್ಕೈದು ಬಗೆ ಸ್ವಲ್ಪ ಸ್ವಲ್ಪ. ವಾರುಂಗ್ ಅನ್ನುವ ಮನೆಮಂದಿಯೇ ನಡೆಸುವ ಚಿಕ್ಕ ಹೋಟೆಲುಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲ ಜೋಡಿಸಿರುತ್ತಾರೆ, ಬೆರಳು ತೋರಿಸಿದ್ದನ್ನು ಹಾಕುತ್ತಾರೆ. ಸಿಹಿ ಖಾರದ ಒಣ ತೆಂಪೆ ತೋರಿಸಿ. ಸೋಯಾ ಕಾಳನ್ನು ಹುದುಗಿಸಿ ಬಿಲ್ಲೆ ಕಟ್ಟಿದ್ದು ತೆಂಪೆ, ಅದನ್ನು ಚಿಕ್ಕದಾಗಿ ಹೆಚ್ಚಿ ಗರಿಗರಿ ಕರಿದಿರುತ್ತಾರೆ. ಮೊದಲ ತುತ್ತಿಗೆ ವಿಚಿತ್ರ, ಎರಡನೇ ದಿನ ನೀವೇ ಹುಡುಕಿಕೊಂಡು ಹೋಗುತ್ತೀರಿ. ಉರಾಪ್ ಅಂತ ಬೇಯಿಸಿದ ಸೊಪ್ಪಿಗೆ ಮಸಾಲೆ ತೆಂಗಿನತುರಿ ಬೆರೆಸಿದ ಪಲ್ಯ ಇರುತ್ತದೆ, ಅದನ್ನೂ ತೋರಿಸಿ, ಆದರೆ ತೆರಾಸಿ ಕೇಳಿಯೇ ಹಾಕಿಸಿಕೊಳ್ಳಿ.

ಬಲೆಗೆ ಬೀಳುವ ಜಾಗಗಳು ಬೇರೆ ಇವೆ. ಲಾವಾರ್ ಅಂತ ಒಂದಿದೆ, ನೋಡಿದರೆ ಬೀನ್ಸು ತೆಂಗಿನಕಾಯಿ ಪಲ್ಯವೇ. ಒಳಗೆ ಕೊಚ್ಚಿದ ಮಾಂಸ ಇರುತ್ತದೆ, ಕೆಂಪಗಿದ್ದರೆ ರಕ್ತವನ್ನೂ ಹಾಕಿರುತ್ತಾರೆ. ಜುಕುತ್ ಆರೆಸ್ ಅಂತ ಬಾಳೆದಿಂಡಿನ ಸಾರು, ಹೆಸರು ಕೇಳಿದ ಕೂಡಲೇ ಬಾಯಲ್ಲಿ ನೀರು ಬರುತ್ತದೆ, ಆದರೆ ಸಾಮಾನ್ಯವಾಗಿ ಹಂದಿ ಅಥವಾ ಬಾತುಕೋಳಿ ಮೂಳೆ ಹಾಕಿ ಕುದಿಸಿದ್ದು. ಇನ್ನೊಂದು ರುಜಾಕ್, ಹುಳಿ ಹಣ್ಣುಗಳನ್ನು ಖಾರ ಬೆಲ್ಲದಲ್ಲಿ ಕಲಸಿದ್ದು. ಅದರಲ್ಲಿ "ಕುವಾ ಪಿಂದಾಂಗ್" ಅಂತ ಹೆಸರಿದ್ದರೆ ಮೀನಿನ ಕಟ್ಟಿನಲ್ಲಿ ಕಲಸಿದ್ದು ಅಂತ ಅರ್ಥ. ಹಣ್ಣಿಗೆ ಮೀನಿನ ಸಾರು ಹಾಕುತ್ತಾರೆ ಅಂತ ಯಾರಿಗೆ ಹೊಳೆಯುತ್ತದೆ ಹೇಳಿ! ವೆಜ್ ನಾಸಿ ಗೊರೆಂಗ್ ಅಂದರೆ ಫ್ರೈಡ್ ರೈಸ್, ಅದರಲ್ಲೂ ಸಾವುಸ್ ತಿರಾಮ್ ಅನ್ನುವ ಚಿಪ್ಪುಜೀವಿಯ ಸಾಸು ಅಥವಾ ಕೋಳಿ ಸಾರಿನ ಪುಡಿ ಬೀಳಬಹುದು.

ಕೊನೆಗೆ ಒಂದು. ಬೆಳಿಗ್ಗೆ ಅಥವಾ ಮಧ್ಯಾಹ್ನದೊಳಗೆ ವಾರುಂಗ್‌ಗೆ ಹೋಗಿ. ಬಾಲಿಯ ಮನೆಗಳಲ್ಲಿ ಬೆಳಿಗ್ಗೆ ಒಂದೇ ಸಲ ಅಡುಗೆ ಮಾಡಿ, ಹಸಿವಾದಾಗ ಬಂದು ಬಡಿಸಿಕೊಂಡು ತಿನ್ನುವ ಪದ್ಧತಿ. ಎಷ್ಟೋ ವಾರುಂಗ್‌ಗಳೂ ಹಾಗೇ. ಅಡುಗೆ ಆದ ಮೇಲೆ ಬಾಳೆಲೆಯ ಚಿಕ್ಕ ಚೂರಿನಲ್ಲಿ ನಾಲ್ಕು ಅಗುಳು ಅನ್ನ ಇಟ್ಟು ಒಲೆಗೆ, ನೀರಿನ ಜಾಗಕ್ಕೆ, ಬಾಗಿಲಿಗೆ ಇಡುತ್ತಾರೆ. ಅದನ್ನು ಅವರು ಯದ್ನ್ಯ ಸೇಸ ಅನ್ನುತ್ತಾರೆ. ಯಜ್ಞಶೇಷ! ಅಮ್ಮನಿಗೆ ತೋರಿಸಿ, ಖುಷಿಪಡುತ್ತಾರೆ. ನೆಲದ ಮೇಲೆ ಇಟ್ಟಿರುತ್ತಾರೆ, ತುಳಿಯಬೇಡಿ.

ಸಾರನ್ನವೇ ಸಾಕು:

ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೇಜಾರಾಗಬೇಡಿ. ವಯಸ್ಸಾದವರನ್ನು ಕರೆದುಕೊಂಡು ಹೋಗಿ ಪ್ರಯೋಗ ಯಾಕೆ? ಕೂತಾ, ಸೆಮಿನ್ಯಾಕ್, ಉಬುದ್ ಎಲ್ಲ ಕಡೆ ಇಂಡಿಯನ್ ಹೋಟೆಲುಗಳಿವೆ. ಉಬುದ್‌ನಲ್ಲಂತೂ ಬರೀ ಸಸ್ಯಾಹಾರದ ಕೆಫೆಗಳೇ ಬೇಕಾದಷ್ಟಿವೆ. ಅಮ್ಮನಿಗೆ ಅಲ್ಲಿ ಊಟ ಹಾಕಿಸಿ, ನೀವು ಬೇಕಾದ್ದು ತಿನ್ನಿ. ನಾವು ಹೋದಾಗ ಅತ್ತೆ ಎರಡು ದಿನ ರೂಮಿನಲ್ಲೇ ಮಲಗಿದ್ದರು. ಅಕ್ಕಿನುಚ್ಚು, ಗೊಜ್ಜಿನ ಪುಡಿ, ಪುಟ್ಟ ಎಲೆಕ್ಟ್ರಿಕ್ ಕುಕ್ಕರು ತೆಗೆದುಕೊಂಡು ಹೋದವರು ಯಾವತ್ತೂ ಪಶ್ಚಾತ್ತಾಪ ಪಟ್ಟಿಲ್ಲ.

ವಾರುಂಗ್ ಗಿರಾಕಿ:

ಸರ್, ಅವರ ಅಮ್ಮನೇ ಚಪಾತಿ ಬೇಡ ಅಂದಿದ್ದಾರೆ, ಓದಲಿಲ್ವಾ? ಮತ್ತೆ ಉಬುದ್‌ನ ಆ ಕೆಫೆಗಳು ಹೊರಗಿನಿಂದ ಬಂದವರಿಗಾಗಿ ಇರುವವು. ಆವಕಾಡೊ ಟೋಸ್ಟು, ಬಟ್ಟಲಿನಲ್ಲಿ ಹಣ್ಣು. ರುಚಿ ಚೆನ್ನಾಗಿದೆ, ಬೇಡ ಅನ್ನಲ್ಲ, ಆದರೆ ಅದನ್ನು ಜಗತ್ತಿನ ಯಾವ ಊರಿನಲ್ಲಾದರೂ ತಿನ್ನಬಹುದು. ಬಿಲ್ಲು ವಾರುಂಗ್‌ನ ನಾಲ್ಕೈದು ಪಟ್ಟು. ಒಂದು ದಿನ ಸುಸ್ತಾದಾಗ ಹೋಗಲಿ, ಎಂಟು ದಿನ ಬೇಡ. ಕುಕ್ಕರಿನ ವಿಷಯದಲ್ಲಿ ಮಾತ್ರ ನಾನು ಜಗಳ ಆಡಲ್ಲ, ನನ್ನ ಬ್ಯಾಗಿನಲ್ಲೂ ಉಪ್ಪಿನಕಾಯಿ ಇತ್ತು.

ಕೆಂಡದ ಮೀನು:

ಮಾಂಸ ಮೀನಿನ ಕಡೆ ನಾನು ಬರೆಯುತ್ತೇನೆ.

ಹಂದಿ ಬೇಡ ಅಂದಿದ್ದೀರಿ, ಹಾಗಾಗಿ ಮೊದಲು ಇದು ತಿಳಿದಿರಲಿ. ಇಂಡೋನೇಷ್ಯಾದ ಬೇರೆ ಕಡೆ ಮುಸ್ಲಿಮರು ಜಾಸ್ತಿ, ಬಾಲಿಯಲ್ಲಿ ಹಿಂದೂಗಳು ಜಾಸ್ತಿ. ಹಾಗಾಗಿ ಹಂದಿ ಇಲ್ಲಿ ಹಬ್ಬದ ಅಡುಗೆ. ಬಾಬಿ ಗುಲಿಂಗ್ ಅಂತ ಬೋರ್ಡಿದ್ದರೆ ಇಡೀ ಹಂದಿಯನ್ನು ಮಸಾಲೆ ತುಂಬಿ ಕೆಂಡದ ಮೇಲೆ ತಿರುಗಿಸಿ ಸುಟ್ಟದ್ದು, ಅಲ್ಲಿ ಕೋಳಿ ಕೇಳಲು ಹೋಗಬೇಡಿ. ಹಲಾಲ್ ಅಂತ ಬರೆದಿದ್ದರೆ ಹಂದಿ ಇರುವುದಿಲ್ಲ. ಆದರೆ ಅಲ್ಲಿ ದನ ಇರಬಹುದು. ಸುಮಾತ್ರಾ ಕಡೆಯ ಅಡುಗೆ ಮಾಡುವ ಪಡಾಂಗ್ ಹೋಟೆಲುಗಳ ಹೆಸರುವಾಸಿ ರೆಂದಾಂಗ್ ಅನ್ನುವ ಮಾಂಸದ ಅಡುಗೆ ಸಾಮಾನ್ಯವಾಗಿ ದನದ್ದೇ. ಬಾಬಿ ಅಂದರೆ ಹಂದಿ, ಸಾಪಿ ಅಂದರೆ ದನ, ಆಯಾಮ್ ಅಂದರೆ ಕೋಳಿ. ಮಗನಿಗೂ ಕಲಿಸಿ, ಎರಡು ದಿನದಲ್ಲಿ ಅವನೇ ಮೆನು ಓದುತ್ತಾನೆ.

ನೀವಿಬ್ಬರು ತಪ್ಪಿಸಬಾರದ್ದು ಆಯಾಮ್ ಬೆತುತು. ಇಡೀ ಕೋಳಿಗೆ ಅರಿಶಿನ, ಶುಂಠಿ, ಚಿಕ್ಕ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಮೆತ್ತಿ, ಸುತ್ತಿ, ಗಂಟೆಗಟ್ಟಲೆ ಬೇಯಿಸುತ್ತಾರೆ. ಮಾಂಸ ಮೂಳೆಯಿಂದ ತಾನೇ ಕಳಚಿಕೊಳ್ಳುತ್ತದೆ. ದ್ವೀಪದ ಪಶ್ಚಿಮ ತುದಿಯ ಗಿಲಿಮಾನುಕ್ ಶೈಲಿಯದು ಕಣ್ಣಲ್ಲಿ ನೀರು ಬರಿಸುವಷ್ಟು ಖಾರ, ಮಗನಿಗೆ ಬೇಡ. ಅವನಿಗೆ ಸಾತೆ ಲಿಲಿತ್ ಕೊಡಿಸಿ. ಅರೆದ ಮೀನಿಗೆ ತೆಂಗಿನತುರಿ ಮಸಾಲೆ ಸೇರಿಸಿ ನಿಂಬೆಹುಲ್ಲಿನ ದಂಟಿಗೋ ಕಡ್ಡಿಗೋ ಮೆತ್ತಿ ಸುಟ್ಟಿರುತ್ತಾರೆ. ಹಂದಿಯದೂ ಮಾಡುತ್ತಾರೆ, ಇಕಾನ್ ತಾನೇ ಅಂತ ಕೇಳಿಕೊಳ್ಳಿ.

ಒಂದು ಸಂಜೆ ಜಿಂಬಾರಾನ್ ಬೀಚಿಗೆ ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ಮರಳಿನ ಮೇಲೆ ಮೇಜು, ತೆಂಗಿನ ಸಿಪ್ಪೆಯ ಬೆಂಕಿಯಲ್ಲಿ ಸುಟ್ಟ ಮೀನು, ಎದುರಿಗೆ ಮುಳುಗುವ ಸೂರ್ಯ. ಚೆನ್ನಾಗಿಯೇ ಇರುತ್ತದೆ. ಆದರೆ ಮೀನು ತೂಕದ ಮೇಲೆ. ನಾನು ಮೊದಲ ಸಲ ದರ ಕೇಳದೆ "ಅದು ಕೊಡಿ, ಇದು ಕೊಡಿ" ಅಂತ ರಾಜನ ಹಾಗೆ ಬೆರಳು ತೋರಿಸಿದೆ. ಬಿಲ್ಲು ಬಂದಾಗ ಸೂರ್ಯನ ಜೊತೆ ನಾನೂ ಮುಳುಗಿದೆ. ಕಿಲೋಗೆ ಎಷ್ಟು, ಸುಡುವುದಕ್ಕೆ ಬೇರೆ ಹಣವಾ, ಅನ್ನ ಸಾಂಬಾಲ್ ಸೇರಿದೆಯಾ, ಇಷ್ಟನ್ನು ತಕ್ಕಡಿಗೆ ಹಾಕುವ ಮೊದಲೇ ಕೇಳಿ, ತೂಕವನ್ನು ನೀವೇ ನೋಡಿ. ಹತ್ತಿರದಲ್ಲೇ ಕೆದೊಂಗಾನಾನ್ ಮೀನು ಮಾರುಕಟ್ಟೆ ಇದೆ. ಅಲ್ಲಿ ಮೀನು ಕೊಂಡು ಪಕ್ಕದ ಅಂಗಡಿಯಲ್ಲಿ ಸುಡಿಸಿಕೊಳ್ಳಬಹುದು. ನೆಲ ಒದ್ದೆ, ವಾಸನೆ, ಗದ್ದಲ. ಅಮ್ಮನನ್ನು ಕರೆದುಕೊಂಡು ಹೋಗಬೇಡಿ.

ಕಾಯಿಬೆಲ್ಲ:

ಎಲ್ಲರೂ ಊಟದಲ್ಲೇ ನಿಂತುಬಿಟ್ಟಿದ್ದೀರಿ. ಸಸ್ಯಾಹಾರಿಗಳಿಗೆ ಬಾಲಿಯಲ್ಲಿ ನಿಜವಾದ ಹಬ್ಬ ಇರುವುದು ತಿಂಡಿಯಲ್ಲಿ. ಅಕ್ಕಿ, ತೆಂಗಿನಕಾಯಿ, ತಾಳೆಬೆಲ್ಲ, ಬಾಳೆಹಣ್ಣು. ತೆರಾಸಿಯ ಭಯವೂ ಇಲ್ಲ. ಜಾಜೆ ಅಂತ ಕೇಳಿ, ಸಿಹಿತಿಂಡಿಗಳಿಗೆಲ್ಲ ಅದೇ ಹೆಸರು.

ಅದರಲ್ಲಿ ಲಕ್ಲಾಕ್ ಅಂತ ಒಂದಿದೆ. ಗುಳಿ ಗುಳಿ ಇರುವ ಮಣ್ಣಿನ ಹಂಚಿಗೆ ಅಕ್ಕಿ ಹಿಟ್ಟು ಹುಯ್ದು ಮುಚ್ಚಿ ಬೇಯಿಸುತ್ತಾರೆ. ಪಾಂಡಾನ್ ಅನ್ನುವ ಘಮಘಮ ಎಲೆಯ ರಸ ಸೇರಿಸಿದ್ದರೆ ಹಸಿರು, ಇಲ್ಲದಿದ್ದರೆ ಬಿಳಿ. ಬಿಸಿ ಇರುವಾಗಲೇ ಮೇಲೆ ತೆಂಗಿನತುರಿ ಉದುರಿಸಿ ಕರಗಿಸಿದ ಬೆಲ್ಲ ಸುರಿದು ಕೊಡುತ್ತಾರೆ. ಸೌದೆ ಒಲೆಯ ಹೊಗೆಯ ವಾಸನೆ ಇದ್ದರೆ ಇನ್ನೂ ಚೆಂದ. ಬೆಳಿಗ್ಗೆ ಬೇಗ ಮಾರುಕಟ್ಟೆಗೆ ಹೋಗಿ. ಹೋಟೆಲಿನ ಬುಫೆಯಲ್ಲಿ ತಣ್ಣಗಾದ ಲಕ್ಲಾಕ್ ತಿಂದು ಇದೇನಾ ಅಂತ ನನಗೆ ಬೈಯಬೇಡಿ.

ಬುಬುರ್ ಇಂಜಿನ್ ಇನ್ನೊಂದು, ಕಪ್ಪು ಅಂಟಕ್ಕಿ ಪಾಯಸ, ಮೇಲೆ ಉಪ್ಪು ಹಾಕಿದ ತೆಂಗಿನ ಹಾಲು. ಪಾಯಸಕ್ಕೆ ಉಪ್ಪಾ ಅಂತ ನನಗೂ ಅನ್ನಿಸಿತ್ತು, ಆ ಉಪ್ಪೇ ಅದರ ಜೀವ. ಕ್ಲೆಪೋನ್ ಅಂದರೆ ಒಳಗೆ ಬೆಲ್ಲ ತುಂಬಿದ ಹಸಿರು ಉಂಡೆ. ಪೂರ್ತಿ ಬಾಯಿಗೆ ಹಾಕಿಕೊಳ್ಳಿ, ಕಚ್ಚಿದರೆ ಬೆಲ್ಲದ ಪಾಕ ಪಕ್ಕದವರ ಬಟ್ಟೆಗೆ ಹಾರುತ್ತದೆ. ದಾದಾರ್ ಗುಲುಂಗ್ ನೋಡಲು ಆಸೆಯಾಗುತ್ತದೆ, ಒಳಗೆ ಕಾಯಿಬೆಲ್ಲದ ಹೂರಣ, ಆದರೆ ಹೊರಗಿನ ಹಸಿರು ದೋಸೆಗೆ ಮೊಟ್ಟೆ ಹಾಕುವವರು ಇದ್ದಾರೆ. "ಪಾಕೈ ತೆಲುರ್?" ಅಂತ ಕೇಳಿ. ಹೆಂಡತಿಗೆ ಓಕೆ, ಅಮ್ಮನಿಗೆ ಕೇಳಿಯೇ.

ಹಣ್ಣಿನಲ್ಲಿ ಸಾಲಾಕ್ ಬಿಡಬೇಡಿ, ಹಾವಿನ ಚರ್ಮದಂಥ ಸಿಪ್ಪೆ, ಒಳಗೆ ಗಟ್ಟಿ ಹುಳಿಸಿಹಿ ತೊಳೆ. ಕಿಂತಾಮಣಿ ಕಡೆ ಬೆಟ್ಟಕ್ಕೆ ಹೋದರೆ ಅಲ್ಲಿಯ ಕಾಫಿ ಕುಡಿಯಿರಿ. ಹೌದು, ಹೆಸರು ಕಿಂತಾಮಣಿಯೇ! ಕಿತ್ತಳೆ ಗಿಡಗಳ ನಡುವೆ ಕಾಫಿ ಬೆಳೆಯುತ್ತಾರೆ. 2008ರಲ್ಲಿ ಇಂಡೋನೇಷ್ಯಾದಲ್ಲೇ ಮೊದಲ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು ಈ ಕಾಫಿಗೆ. ಲೋಟಕ್ಕೆ ಪುಡಿ ಹಾಕಿ ಬಿಸಿನೀರು ಸುರಿದು ಹಾಗೇ ಕೊಡುತ್ತಾರೆ, ಸೋಸುವುದಿಲ್ಲ. ಪುಡಿ ತಳಕ್ಕೆ ಕೂರುವವರೆಗೆ ಕಾಯಿರಿ. ಡ್ರೈವರು ಲುವಾಕ್ ಕಾಫಿ ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದರೆ ಬೇಡ ಅನ್ನಿ. ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿ ಅದು. ನಾನು ನೋಡಿದ ಕಡೆ ಪುನುಗು ಬೆಕ್ಕುಗಳನ್ನು ಕಿರಿದಾದ ಪಂಜರದಲ್ಲಿ ಇಟ್ಟಿದ್ದರು. ಮಗ ಜೊತೆಗಿದ್ದಾನೆ ಅಂತೀರಿ, ಅದನ್ನು ನೋಡುವುದು ಬೇಡ.

ಒಆರ್‌ಎಸ್ ಪ್ಯಾಕೆಟ್ಟು:

ಹೊಟ್ಟೆಯ ವಿಷಯ ನನ್ನದು, ಅನುಭವಿಸಿದವನು ನಾನೇ. ಮಜಾ ನೋಡಿ, ನಾಲ್ಕು ದಿನ ರಸ್ತೆ ಬದಿ ತಿಂದಾಗ ಏನೂ ಆಗಲಿಲ್ಲ. ಐದನೇ ದಿನ ಒಂದು ದುಬಾರಿ ಬೀಚ್ ಹೋಟೆಲಿನಲ್ಲಿ ಹಸಿ ತರಕಾರಿ ಸಲಾಡು ತಿಂದು ಬಿದ್ದುಕೊಂಡೆ. ಅಲ್ಲಿಂದ ನನ್ನ ನಿಯಮ ಸರಳ: ಕಣ್ಣೆದುರು ಬಿಸಿ ಮಾಡಿದ್ದು, ಸಿಪ್ಪೆ ಸುಲಿದು ತಿನ್ನುವ ಹಣ್ಣು, ಜನ ಜಾಸ್ತಿ ಇರುವ ಅಂಗಡಿ.

ನಲ್ಲಿ ನೀರು ಕುಡಿಯಬೇಡಿ, ಅಮ್ಮ ಹಲ್ಲುಜ್ಜುವುದಕ್ಕೂ ಬಾಟಲಿ ನೀರು ಕೊಡಿ. ಐಸು ಅಂದರೆ ಹೆದರಬೇಕಿಲ್ಲ. ನಡುವೆ ತೂತಿರುವ ಕೊಳವೆಯಂಥ ಐಸು ಫ್ಯಾಕ್ಟರಿಯದು, ನಾನು ಧೈರ್ಯವಾಗಿ ಕುಡಿದೆ. ದೊಡ್ಡ ಗಡ್ಡೆಯಿಂದ ಒಡೆದ ಚೂರಾದರೆ ಬೇಡ. ಎಳನೀರಿಗೆ ಕೆಲವು ಕಡೆ ಸಕ್ಕರೆ ಪಾಕ ಬೆರೆಸುತ್ತಾರೆ, "ತನ್ಪಾ ಗುಲಾ" ಅನ್ನಿ. ಅಮ್ಮನಿಗೆ ಶುಗರ್ ಇದ್ದರೆ ಈ ಮಾತು ಮುಖ್ಯ. ಔಷಧಿ ಅಂಗಡಿಗೆ ಅಪೊತೆಕ್ ಅನ್ನುತ್ತಾರೆ, ಒಆರ್‌ಎಸ್ ಪುಡಿಗೆ ಒರಾಲಿತ್ ಅಂತ ಕೇಳಿದರೆ ಕೊಡುತ್ತಾರೆ. ಜ್ವರ ಬಂದರೆ, ಬೇಧಿಯಲ್ಲಿ ರಕ್ತ ಕಂಡರೆ ಪುಡಿ ನಂಬಿ ಕೂರದೆ ಡಾಕ್ಟರ ಹತ್ತಿರ ಹೋಗಿ.

ಅರಾಕ್ ಅನ್ನುವ ಊರ ಸಾರಾಯಿ ಎಲ್ಲೋ ಲೇಬಲ್ ಇಲ್ಲದ ಬಾಟಲಿಯಲ್ಲಿ ಕೊಟ್ಟರೆ ಮುಟ್ಟಬೇಡಿ. 2009ರಲ್ಲಿ ಮೆಥನಾಲ್ ಬೆರೆತ ಅರಾಕ್ ಕುಡಿದು ಅಲ್ಲಿ 20ಕ್ಕೂ ಜಾಸ್ತಿ ಜನ ಸತ್ತಿದ್ದರು. ಇದರಲ್ಲಿ ತಮಾಷೆ ಬೇಡ.

ದುಡ್ಡಿನದ್ದೂ ಹೇಳಿಬಿಡುತ್ತೇನೆ. ವಾರುಂಗ್‌ನಲ್ಲಿ ನಾನು ಒಂದು ಊಟಕ್ಕೆ 25 ಸಾವಿರದಿಂದ 40 ಸಾವಿರ ರುಪಿಯಾ ಕೊಟ್ಟಿದ್ದೆ. ಮೆನುವಿನಲ್ಲಿ ಬರೀ 35 ಅಂತ ಇದ್ದರೆ 35 ಸಾವಿರ ಅಂತ ಅರ್ಥ. ದೊಡ್ಡ ಹೋಟೆಲುಗಳಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆ ಇದ್ದರೆ ತೆರಿಗೆ ಮತ್ತು ಸರ್ವಿಸ್ ಚಾರ್ಜು ಬೇರೆ, ಹತ್ತಿರ ಹತ್ತಿರ ಶೇ 15ರಿಂದ 20ರಷ್ಟು ಮೇಲೆ ಬೀಳುತ್ತದೆ.

ಹೊರಡುವ ಮೊದಲು ಗಲುಂಗಾನ್ ಹಬ್ಬ ಯಾವಾಗ ಅಂತ ನೋಡಿಕೊಳ್ಳಿ. ಅವರ ಪಂಚಾಂಗದಲ್ಲಿ ಅದು 210 ದಿನಕ್ಕೊಮ್ಮೆ ಬರುತ್ತದೆ. ಬೀದಿಯೆಲ್ಲ ಬಾಗಿದ ಬಿದಿರಿನ ಕಂಬಗಳು, ನೋಡಲು ಎರಡು ಕಣ್ಣು ಸಾಲದು, ಆದರೆ ಅಂಗಡಿಯವರು ಊರಿಗೆ ಹೋಗಿ ಎಷ್ಟೋ ವಾರುಂಗ್ ಮುಚ್ಚಿರುತ್ತವೆ.

ರಜಾಚೀಟಿ:

ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟ್ ತೆಗೆದು ಅಮ್ಮನ ಕೈಗೆ ಕೊಟ್ಟೆ. ತೆರಾಸಿ, ತೆರಾಸಿ ಅಂತ ಅಡುಗೆಮನೆಯಲ್ಲಿ ಜಪ ನಡೆಯುತ್ತಿದೆ. ಹೋಗಿ ಬಂದು ಬರೆಯುತ್ತೇನೆ.

ರಜಾಚೀಟಿ (ಏಳು ವಾರಗಳ ನಂತರ):

ಬಂದು ಎರಡು ವಾರವಾಯಿತು, ಈಗ ಟೈಮ್ ಸಿಕ್ಕಿತು.

ಮೊದಲ ದಿನವೇ ಉಬುದ್‌ನಲ್ಲಿ ಎಡವಿದೆವು. ತೆರಾಸಿ ಬೇಡ ಅಂತ ಹೇಳಿದೆ, ಆಕೆ ಹೂಂ ಅಂದರು, ಊಟ ಬಂತು. ಅಮ್ಮ ಸಾಂಬಾಲ್ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು "ಇದರಲ್ಲಿದೆ" ಅಂದರು. ಹೋಗಿ ಕೇಳಿದರೆ ಹೌದು, ಪಲ್ಯಕ್ಕೆ ಹಾಕಿಲ್ಲ, ಸಾಂಬಾಲ್ ಬೆಳಿಗ್ಗೆಯೇ ಮಾಡಿಟ್ಟದ್ದು. ಆಕೆ ತುಂಬ ಬೇಜಾರು ಮಾಡಿಕೊಂಡು ಹಸಿ ಈರುಳ್ಳಿ, ನಿಂಬೆಹುಲ್ಲು, ಮೆಣಸಿನಕಾಯಿ ಸಣ್ಣಗೆ ಹೆಚ್ಚಿ, ಬಿಸಿ ತೆಂಗಿನೆಣ್ಣೆ ಸುರಿದು ಹೊಸದು ಮಾಡಿಕೊಟ್ಟರು. ಸಾಂಬಾಲ್ ಮಾತಾ ಅಂತೆ ಅದು. ಅಮ್ಮ ಅದೊಂದರಲ್ಲೇ ಅರ್ಧ ಅನ್ನ ಮುಗಿಸಿದರು.

ಸಾನೂರ್‌ನಲ್ಲಿ ರೂಮಿನ ಹತ್ತಿರವೇ ತಿಪಾತ್ ಚಾಂತೊಕ್ ಮಾಡುವ ಹೆಂಗಸು ಸಿಕ್ಕರು. ನಾಲ್ಕು ದಿನದಲ್ಲಿ ಮೂರು ದಿನ ಮಧ್ಯಾಹ್ನ ಅಲ್ಲೇ. ಆಕೆ ಅಮ್ಮನನ್ನು "ಇಬು" ಅನ್ನುತ್ತಿದ್ದರು, ಅಮ್ಮ ಅನ್ನುವ ಅರ್ಥವಂತೆ. ಇವರೂ ಆಕೆಗೆ ಇಬು ಅಂದರು. ಇಬ್ಬರಿಗೂ ಬೇರೆ ಭಾಷೆ ಗೊತ್ತಿಲ್ಲ, ಮೂರನೇ ದಿನ ಇವರು ಮೆಣಸಿನಕಾಯಿಗೆ ಬೆರಳು ತೋರಿಸುವ ಮೊದಲೇ ಆಕೆ ಎರಡು ಹಾಕಿದ್ದರು.

ಜಿಂಬಾರಾನ್‌ನಲ್ಲಿ ದರ ಕೇಳಿಯೇ ತೂಗಿಸಿದೆ. ಆದರೂ ಅಲ್ಲಿಯ ಊಟವೇ ಇಡೀ ಟ್ರಿಪ್ಪಿನ ದುಬಾರಿ ಊಟ. ಮಗನಿಗೆ ಸಾತೆ ಲಿಲಿತ್ ಹುಚ್ಚು ಹಿಡಿಯಿತು. ಹೆಂಡತಿ ತೆಂಪೆಯನ್ನು ಕೊನೆಯ ದಿನದವರೆಗೂ ಒಪ್ಪಲಿಲ್ಲ. ಒಂದು ರಾತ್ರಿ ಅವಳಿಗಾಗಿ ಇಂಡಿಯನ್ ಹೋಟೆಲಿಗೂ ಹೋದೆವು, ಸುಳ್ಳು ಹೇಳಲ್ಲ. ಹೊಟ್ಟೆ ಕೆಟ್ಟಿದ್ದು ನನ್ನದು ಮಾತ್ರ, ಅದೂ ಕ್ಲೆಪೋನ್ ಜಾಸ್ತಿ ತಿಂದು.

ಕಾಯಿಬೆಲ್ಲ:

ಲಕ್ಲಾಕ್ ತಿಂದಿರಾ ಇಲ್ವಾ, ಅದು ಹೇಳಿ ಮೊದಲು.

ರಜಾಚೀಟಿ:

ತಿಂದೆವು ಮೇಡಂ, ಬೆಳಿಗ್ಗೆ ಆರೂವರೆಗೆ ಮಾರುಕಟ್ಟೆಗೆ ಹೋಗಿ. ಮಣ್ಣಿನ ಹಂಚು ತರಬೇಕು ಅಂತ ಅಮ್ಮ ಹಟ ಹಿಡಿದರು, ಒಡೆದುಹೋಗುತ್ತದೆ ಅಂತ ನಾನು ಬೇಡ ಅಂದೆ. ಹೋದ ಭಾನುವಾರ ಮನೆಯಲ್ಲಿ ಪಡ್ಡಿನ ಹಂಚಿನಲ್ಲೇ ಮಾಡಲು ಹೋದರು. ಬಂದದ್ದು ಪಡ್ಡೇ, ಸಿಹಿ ಪಡ್ಡು. ಈಗ ದಿನಾ ನನಗೆ ಬೈಗುಳ.